ಕಾರೆ ಗಿಡದ ತೂಕ

ಬೆಳಿಗ್ಗೆ ಆರು ಗಂಟೆಗೆ ಕಾರೆ ಗಿಡ ಇನ್ನೂರ ಹನ್ನೆರಡು ಕಿಲೋ ನಾನೂರು ಗ್ರಾಂ ತೂಗಿತು. ಏಳಕ್ಕೂ ಅಷ್ಟೇ ತೂಗಿತು. ಎಂಟಕ್ಕೂ ಅಷ್ಟೇ ತೂಗಿದಾಗ ಅನೀಸ್ ಅಹಮದ್‌ನ ಹಣೆಯ ಮೇಲೆ ಮೊದಲನೆಯ ಬೆವರ ಹನಿ ಮೂಡಿತು.

ಬೆವರಬೇಕಾಗಿದ್ದದ್ದು ಅವನಲ್ಲ, ಗಿಡ.

ಗಿಡದ ಬೆವರು ತೂಗುವುದೇ ಅವನ ನೌಕರಿ. ಘಾಟಿ ಸುಬ್ರಹ್ಮಣ್ಯದ ದಾರಿಯಲ್ಲಿ ಬಲಕ್ಕೆ ಹೊರಳಿದರೆ ಹುಣಸೇಕುಂಟೆ ಅಂತ ಒಂದು ಊರು. ಊರ ಬೆನ್ನಿಗೆ ಒಂದು ಕುರುಚಲು ಗುಡ್ಡ. ಗುಡ್ಡದ ಬುಡದಲ್ಲಿ ತಂತಿಬೇಲಿ ಹಾಕಿದ ನಾಲ್ಕು ಗುಂಟೆ ಜಾಗ. ಅಲ್ಲಿ ಬಂಡೆ ಸಿಗುವವರೆಗೆ ಗುಂಡಿ ತೋಡಿ, ಗುಂಡಿಯ ತಳದಲ್ಲಿ ಒಂದು ದೊಡ್ಡ ತಕ್ಕಡಿ ಕೂರಿಸಿ, ಅದರ ಮೇಲೆ ಮಣ್ಣು ತುಂಬಿದ ಕಬ್ಬಿಣದ ಡ್ರಮ್ ಇಟ್ಟಿದ್ದರು. ಡ್ರಮ್ಮಿನಲ್ಲಿ ಆಳೆತ್ತರದ ಕಾರೆ ಗಿಡ. ಶಿವರಾತ್ರಿಯಿಂದೀಚೆಗೆ ಅದಕ್ಕೆ ಒಂದು ಹನಿ ನೀರು ಹಾಕಿರಲಿಲ್ಲ. ಮಣ್ಣಿನಿಂದ ನೀರು ಆರದಂತೆ ಮೇಲೆ ಪ್ಲಾಸ್ಟಿಕ್ ಹೊದಿಸಿ ಅಂಚು ಬಿಗಿದಿದ್ದರು. ಹಾಗಾಗಿ ತಕ್ಕಡಿಯಲ್ಲಿ ಎಷ್ಟು ತೂಕ ಇಳಿಯುತ್ತದೋ ಅಷ್ಟು ನೀರನ್ನು ಗಿಡ ಬೇರಿನಿಂದ ಹೀರಿ ಎಲೆಯಿಂದ ಗಾಳಿಗೆ ಬಿಟ್ಟಿದೆ ಎಂದು ಲೆಕ್ಕ. ಬರಡು ನೆಲದ ಕಾಡುಗಿಡಗಳು ದಿನಕ್ಕೆ ಎಷ್ಟು ನೀರು ಕಳೆಯುತ್ತವೆ ಎಂಬುದನ್ನು ಬೆಂಗಳೂರಿನ ಒಂದು ಸಂಸ್ಥೆಯ ಡಾಕ್ಟರ್ ಪ್ರಮೋದಾ ಎರಡು ವರ್ಷದಿಂದ ಹುಡುಕುತ್ತಿದ್ದರು. ತೂಗುವ ಕೈ ಅನೀಸನದು.

ಅವನ ಕೈ ಸಾಮಾನ್ಯದ್ದಲ್ಲ. ತಾತ, ಅಪ್ಪ ಇಬ್ಬರೂ ದೊಡ್ಡಬಳ್ಳಾಪುರದ ಪೇಟೆಯಲ್ಲಿ ತಕ್ಕಡಿ ರಿಪೇರಿ ಮಾಡಿದವರು. ಅವನೂ ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದ. ಬೆಲ್ಲದ ಮಂಡಿಯಿಂದ ರೇಷ್ಮೆಗೂಡಿನ ಮಾರುಕಟ್ಟೆಯವರೆಗೆ ಯಾವ ತಕ್ಕಡಿ ಎಷ್ಟು ಸುಳ್ಳು ಹೇಳುತ್ತದೆ ಎಂಬುದು ಅವನಿಗೆ ಬಾಯಿಪಾಠ. ಆಮೇಲೆ ಅಂಗಡಿ ಅಂಗಡಿಗೂ ಎಲೆಕ್ಟ್ರಾನಿಕ್ ತಕ್ಕಡಿ ಬಂದು ಕೂತಿತು. ಅದು ಕೆಟ್ಟರೆ ಜನ ರಿಪೇರಿಗೆ ತರಲಿಲ್ಲ, ಎಸೆದು ಹೊಸದು ತಂದರು. ಅನೀಸ್ ಷಟರ್ ಎಳೆದು ಮನೆಯಲ್ಲಿ ಕೂತಿದ್ದಾಗ ಪ್ರಮೋದಾ ಅವನನ್ನು ಹುಡುಕಿಕೊಂಡು ಬಂದಿದ್ದರು.

ಈ ದಿನ ಎಲ್ಲ ದಿನದಂತಲ್ಲ. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಗಂಟೆಗೊಂದು ಸಲ, ಒಟ್ಟು ಹದಿಮೂರು ತೂಕ ಬರೆಯಬೇಕಿತ್ತು. ಮರುದಿನ ಹತ್ತು ಗಂಟೆಗೆ ಯೋಜನೆಗೆ ಹಣ ಕೊಡುವ ದೊಡ್ಡವರ ಸಭೆ. ತೂಕ ಸರಿಯಾಗಿ ಬಂದರೆ ಯೋಜನೆ ಇನ್ನು ಮೂರು ವರ್ಷ ಮುಂದುವರಿಯುತ್ತದೆ, ಅನೀಸನಿಗೆ ಬೆಂಗಳೂರಿನ ಲ್ಯಾಬಿನಲ್ಲಿ ಕೆಲಸ. ಆ ಲ್ಯಾಬಿನ ತಕ್ಕಡಿಯನ್ನು ಅವನು ಒಂದೇ ಸಲ ನೋಡಿದ್ದ. ಗಾಜಿನ ಪೆಟ್ಟಿಗೆಯೊಳಗೆ ನಿಶ್ಶಬ್ದವಾಗಿ ಕೂತಿತ್ತು. ಒಂದು ಚೀಟಿಯನ್ನು ತೂಗಿ, ಅದರ ಮೇಲೆ ಅವನ ಹೆಸರು ಬರೆದು ಮತ್ತೆ ತೂಗಿದ್ದರು. ತೂಕ ಏರಿತ್ತು! ಇಂಕಿನ ತೂಕ! ಅವತ್ತು ಮನೆಗೆ ಬಂದು ಹೆಂಡತಿ ಕಮರ್ ಜಹಾನ್‌ಗೆ, “ನನ್ನ ಹೆಸರಿಗೂ ತೂಕ ಇದೆ” ಎಂದಷ್ಟೇ ಹೇಳಿದ್ದ. ಅವಳು ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡಿದ್ದಳು.

ಎಂಟೂಕಾಲಿಗೆ ಅನೀಸ್ ತಕ್ಕಡಿಯನ್ನು ಪರೀಕ್ಷೆ ಮಾಡಿದ. ನೂರು ಗ್ರಾಮಿನ ಕಲ್ಲನ್ನು ಡ್ರಮ್ಮಿನ ಅಂಚಿನ ಮೇಲಿಟ್ಟ. ಗುಂಡಿಯ ಪಕ್ಕ ನಿಂತಿದ್ದ ತಕ್ಕಡಿಯ ದಂಡ ತಕ್ಷಣ ತಲೆ ಎತ್ತಿತು. ತೆಗೆದ, ತಲೆ ಇಳಿಸಿತು. ತಕ್ಕಡಿ ಸುಳ್ಳು ಹೇಳುತ್ತಿರಲಿಲ್ಲ.

ಹಾಗಾದರೆ ಗಿಡ ಬೆವರುತ್ತಿಲ್ಲವೇ? ಅದನ್ನು ನೋಡಲು ಮೂರು ಕೊಂಬೆಗಳಿಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಕಟ್ಟಿ, ಅದರ ನೀರಿನ ಭಾರ ತಕ್ಕಡಿಗೆ ಬೀಳದಂತೆ ಗುಂಡಿಯ ಹೊರಗೆ ನೆಟ್ಟ ಕೋಲುಗಳ ಮೇಲೆ ಆನಿಸಿದ್ದ. ಬಗ್ಗಿ ನೋಡಿದ. ಚೀಲದ ಒಳಮೈ ತುಂಬ ಹನಿಗಳು. ಹನಿ ಹನಿ ಸೇರಿ ಇಳಿದು ಚೀಲದ ಮೂಲೆಯಲ್ಲಿ ಆಗಲೇ ಒಂದು ಚಮಚ ನೀರು ನಿಂತಿತ್ತು. ದೀಪಾವಳಿಯಾದ ಮೇಲೆ ಆ ಕಡೆ ಮಳೆಯ ಮುಖ ಕಂಡಿರಲಿಲ್ಲ. ನೆಲ ಸುಟ್ಟ ಹಪ್ಪಳದ ಹಾಗಿತ್ತು. ಆ ಹಪ್ಪಳದ ಮೇಲೆ ನಿಂತ ಮುಳ್ಳುಗಿಡ, ಏಪ್ರಿಲ್ ತಿಂಗಳ ಎಂಟು ಗಂಟೆಯ ಬಿಸಿಲಿಗೆ, ಎಲೆ ಎಲೆಯಿಂದ ನೀರು ಸುರಿಸುತ್ತಿತ್ತು. ಎರಡು ವರ್ಷದಿಂದ ನೋಡುತ್ತಿದ್ದರೂ ಪ್ರತಿ ಸಲ ಅವನಿಗೆ ಮೈ ಜುಂ ಎನ್ನುತ್ತಿತ್ತು.

ಫೋನ್ ಮಾಡಿದ. “ಮೇಡಂ, ನೀರು ಹೋಗ್ತಾ ಇದೆ. ತೂಕ ಇಳೀತಾ ಇಲ್ಲ.”

“ಅದು ಹೇಗೆ ಸಾಧ್ಯ ಅನೀಸ್ ಅವರೇ? ಹದಿನೈದು ದಿನದ ಹಿಂದೆ ತೂಗಿದಾಗ ಚೆನ್ನಾಗಿ ಇಳಿದಿತ್ತಲ್ಲ?” ಪ್ರಮೋದಾ ಆಚೆಯಿಂದ ಕಾಗದ ತಿರುವುತ್ತಲೇ ಹೇಳಿದರು. “ಯಾರೋ ನೀರು ಹಾಕ್ತಿದ್ದಾರೆ. ಊರಿನವರನ್ನ ವಿಚಾರಿಸಿ. ಪ್ಲೀಸ್, ಇವತ್ತೊಂದು ದಿನ ಕಾಪಾಡಿ.”

ಊರಿನವರನ್ನು ವಿಚಾರಿಸಲು ಹೋಗಬೇಕಾಗಲಿಲ್ಲ. ಊರಿನಲ್ಲಿ ಯಾರ ಮನೆಯ ಒಲೆ ಹೊಗೆಯಾಡಿದರೂ ಮೂಗು ತೂರಿಸುವ ಸಂಜೀವಪ್ಪ ಆಗಲೇ ಬೇಲಿಯ ಮೇಲೆ ಗಲ್ಲ ಊರಿ ನಿಂತಿದ್ದ. ಕರೆಂಟಿನ ಲೈನ್‌ಮನ್ ಆಗಿ ನಿವೃತ್ತನಾದವನು. ಈಗ ಕಂಬ ಹತ್ತುವ ಬದಲು ಬೇರೆಯವರ ವಿಷಯಕ್ಕೆ ಹತ್ತುತ್ತಿದ್ದ. ಗುಡ್ಡದ ಪಕ್ಕದ ಹೊಲ ಅವನದೇ.

“ಏನ್ ಭಾಯ್, ಮುಖ ಇಷ್ಟು ಸಣ್ಣಗಾಗೈತೆ?”

ಅನೀಸ್ ವಿಷಯ ಹೇಳಿದ. ಸಂಜೀವಪ್ಪ ಬೇಲಿ ದಾಟಿ ಬಂದು ಗಿಡವನ್ನು ಸುತ್ತು ಹಾಕಿದ. “ಅಲ್ಲಾ, ಯುಗಾದಿ ಹೊತ್ತಿಗೆ ಇದು ಎಲೆ ಬಾಡಿ ನಿಂತಿತ್ತು. ಈಗ ನೋಡು, ಚಿಗುರು ಹೆಂಗೆ ಬಂದೈತೆ! ಯಾರೋ ಕಳ್ಳತನದಲ್ಲಿ ನೀರು ಹಾಕವ್ರೆ. ಸಂಶಯವೇ ಬ್ಯಾಡ.” ದನಿ ತಗ್ಗಿಸಿದ. “ಸಪ್ಪಲಮ್ಮ.”

“ಯಾವ ಸಪ್ಪಲಮ್ಮ?”

“ಕೊನೇ ಮನೆ ಮುದುಕಿ. ದಿನಾ ಬೆಳಿಗ್ಗೆ ಬಿಂದಿಗೆ ಹೊತ್ಕೊಂಡು ಈ ಕಡೆ ಬರ್ತಾಳೆ. ಬರ್ತಾ ತುಂಬಿರ್ತೈತೆ, ಹೋಗ್ತಾ ಖಾಲಿ. ನಾನೇ ಕಣ್ಣಾರೆ ಕಂಡಿವ್ನಿ.”

ಒಂಬತ್ತರ ತೂಕ ಬರೆದು (ಅದೇ ನಾನೂರು ಗ್ರಾಂ) ಅನೀಸ್ ಓಡಿದ. ಸಪ್ಪಲಮ್ಮ ಜಗುಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದಳು.

“ಅಜ್ಜಿ, ನೀವೇನಾದ್ರೂ ನಮ್ಮ ಗಿಡಕ್ಕೆ ನೀರು ಹಾಕಿದ್ರಾ?”

“ಯಾವ ಗಿಡಕ್ಕೆ?”

“ಬೇಲಿ ಒಳಗಿನ ಕಾರೆ ಗಿಡಕ್ಕೆ.”

ಸಪ್ಪಲಮ್ಮ ಮೊರ ಪಕ್ಕಕ್ಕಿಟ್ಟಳು. “ಕಾರೆ ಮುಳ್ಳಿಗಾ? ನಲ್ಲಿ ಬಿಡೋ ಕೆಂಪರಾಜ ನಾಕು ದಿನಕ್ಕೊಂದ್ಸಲ ನೂಲಿನ ಎಳೆಯಷ್ಟು ನೀರು ಬಿಡ್ತಾನೆ. ಅದ್ರಾಗೆ ನನ್ನ ಕರೀಗೆ ಒಂದು ಬಿಂದಿಗೆ ಕುಡುಸ್ತೀನಿ, ಗುಡ್ಡದ ಪಕ್ಕ ಕಟ್ಟಿರ್ತೀನಲ್ಲ, ಎಮ್ಮೆಕರ. ಮುಳ್ಳಿಗೆ ನೀರು ಹಾಕಾಕೆ ನನಗೇನ್ ತಲೆ ಕೆಟ್ಟೈತಾ ಅನೀಸಪ್ಪ? ಯಾರು ಹೇಳ್ದೋರು?”

ಅನೀಸನ ಕಣ್ಣು ಬೇಲಿಯ ಕಡೆ ಹೋಯಿತು. ಹೆಸರು ಹೇಳಬೇಕಾಗಿ ಬರಲಿಲ್ಲ. “ಸಂಜೀವನೇ!” ಎಂದು ಸಪ್ಪಲಮ್ಮ ಎದ್ದು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ನಡಿ, ನಾನೂ ನೋಡ್ತೀನಿ ಅದೇನ್ ಗಿಡ ಅಂತ.”

ಅವಳು ಒಬ್ಬಳೇ ಬರಲಿಲ್ಲ. ದಾರಿಯಲ್ಲಿ ಮೇಕೆ ಹೊಡೆದುಕೊಂಡು ಹೋಗುತ್ತಿದ್ದ ಮಾರಕ್ಕ ಸೇರಿಕೊಂಡಳು, ನಲ್ಲಿಯ ಹತ್ತಿರ ಖಾಲಿ ಕೊಡಗಳ ಕಾವಲಿಗಿದ್ದ ಹೆಂಗಸರು ಸೇರಿಕೊಂಡರು. ಬೇಲಿಯ ಹತ್ತಿರ ಬರುವ ಹೊತ್ತಿಗೆ ಅನೀಸನ ಹಿಂದೆ ಒಂದು ಮದುವೆ ದಿಬ್ಬಣವೇ ಇತ್ತು. ಸಂಜೀವಪ್ಪ ಮುಳ್ಳಿನ ಪೊದೆಯ ಹಿಂದೆ ಬೇರೇನೋ ಹುಡುಕುವವನಂತೆ ಬಗ್ಗಿಕೊಂಡ.

ಸಪ್ಪಲಮ್ಮ ಜಗಳಕ್ಕೆಂದೇ ಬಂದವಳು. ಆದರೆ ಚೀಲದ ಹತ್ತಿರ ಬಂದವಳೇ ನಿಂತುಬಿಟ್ಟಳು. ಅಷ್ಟು ಹೊತ್ತಿಗೆ ಚೀಲದ ಮೂಲೆಯಲ್ಲಿ ನಾಲ್ಕೈದು ಚಮಚ ನೀರಿತ್ತು.

“ಇದ್ಯಾರು ತುಂಬ್ಸಿದ್ದು?”

“ಯಾರೂ ಇಲ್ಲ ಅಜ್ಜಿ. ಎಲೆಯಿಂದ ಬಂದಿದ್ದು. ಬೆಳಿಗ್ಗೆಯಿಂದ.”

ಅವಳು ಒಣಗಿದ ನೆಲ ನೋಡಿದಳು, ಗಿಡ ನೋಡಿದಳು, ಮತ್ತೆ ಚೀಲ ನೋಡಿದಳು. ಎಂಬತ್ತು ವರ್ಷ ಆ ಗುಡ್ಡದ ಕಾರೆ ಹಣ್ಣು ತಿಂದವಳು, ಕಾರೆ ಮುಳ್ಳು ಚುಚ್ಚಿಸಿಕೊಂಡವಳು. ಬೆರಳಿನಿಂದ ಚೀಲವನ್ನು ಮೆಲ್ಲಗೆ ತಟ್ಟಿದಳು. ನೀರು ನಡುಗಿತು. “ಅಯ್ಯೋ ನನ್ನವ್ವಾ,” ಎಂದಳು, ಗಿಡಕ್ಕೆ.

ಅಲ್ಲಿಂದ ಸುದ್ದಿ ಊರಿಗೆ ಹೋಯಿತು. ಹೋಗುವಾಗ ‘ಗಿಡ ಬೆವರುತ್ತದೆ’ ಎಂದಿದ್ದದ್ದು ತಲುಪುವಾಗ ‘ಗಿಡದಲ್ಲಿ ನಲ್ಲಿ ಬಂದಿದೆ’ ಎಂದಾಗಿತ್ತು. ಹತ್ತೂವರೆಗೆ ಪಂಚಾಯಿತಿಯ ವಾಟರ್‌ಮನ್ ಕೆಂಪರಾಜ್ ಮೊಪೆಡ್ಡಿನಲ್ಲಿ ಧೂಳೆಬ್ಬಿಸಿಕೊಂಡು ಬಂದ. ಊರಿನ ವಾಲ್ವುಗಳ ಕೀಲಿ ಅವನ ಸೊಂಟದಲ್ಲಿರುತ್ತಿತ್ತು. ಅವನ ಅಪ್ಪಣೆಯಿಲ್ಲದೆ ಹುಣಸೇಕುಂಟೆಯಲ್ಲಿ ಒಂದು ಹನಿ ನೀರೂ ಅಲುಗುವಂತಿರಲಿಲ್ಲ.

“ಯಾರ್ ಗುರು ಇಲ್ಲಿ ಕನೆಕ್ಷನ್ ಎಳ್ದಿರೋದು? ಪಂಚಾಯ್ತಿ ಪರ್ಮಿಷನ್ ಐತಾ?”

“ಕನೆಕ್ಷನ್ ಇಲ್ಲ ಕೆಂಪರಾಜಣ್ಣ, ಇದು ಗಿಡ.”

“ಗಿಡಕ್ಕೆ ನೀರು ಎಲ್ಲಿಂದ ಬಂತು? ಮೇನ್ ಲೈನ್ ಇಲ್ಲೇ ನೂರಡಿ ದೂರ ಹೋಗೈತೆ. ಕೆಳಗೆ ಪೈಪ್ ಇಟ್ಟಿದ್ದೀರಾ. ಡ್ರಮ್ ಎತ್ತಿ ತೋರ್ಸಿ.”

“ಡ್ರಮ್ ಎತ್ತೋ ಹಾಗಿಲ್ಲ! ಸಂಜೆ ಆರರವರೆಗೆ ಮುಟ್ಟೋ ಹಾಗೂ ಇಲ್ಲ!” ಅನೀಸ್ ಕೈ ಅಗಲಿಸಿ ಡ್ರಮ್ಮಿಗೆ ಅಡ್ಡ ನಿಂತ, ಬಸ್ಸಿನಲ್ಲಿ ಸೀಟು ಹಿಡಿದವನ ಹಾಗೆ. ಆಮೇಲೆ ಯಾರದೋ ಒಲೆಯ ಬೂದಿ ತರಿಸಿ ಗುಂಡಿಯ ಸುತ್ತ ಅಗಲವಾಗಿ ಹರಡಿದ. ಇನ್ನು ಯಾರು ಹತ್ತಿರ ಬಂದರೂ ಹೆಜ್ಜೆ ಮೂಡುತ್ತದೆ.

ಹನ್ನೊಂದಕ್ಕೆ ಅದೇ ತೂಕ. ಹನ್ನೆರಡಕ್ಕೆ ಇನ್ನೊಂದು ನಿಮಿಷ ಇರುವಾಗ ದಂಡ ಠಣ್ ಎಂದು ಮೇಲಕ್ಕೆ ಬಡಿಯಿತು. ಅನೀಸ್ ಬೆಚ್ಚಿ ತಿರುಗಿದ. ಡ್ರಮ್ಮಿನ ಅಂಚಿನ ಮೇಲೆ ಮುಂಗಾಲು ಹಿಂಗಾಲು ಒಟ್ಟುಗೂಡಿಸಿಕೊಂಡು, ಪದಕ ತೊಡಿಸಿಕೊಳ್ಳಲು ನಿಂತಂತೆ, ಮಾರಕ್ಕನ ಮೇಕೆ ನಿಂತಿತ್ತು. ಬಾಯಲ್ಲಿ ಕಾರೆಯ ಎಳೆ ಚಿಗುರು.

“ಹಚ್ಚಾ! ಹಚ್ಚಾ! ಯಾ ಅಲ್ಲಾ, ಅಕ್ಕಾ, ನಿಮ್ಮ ಮೇಕೆ!”

ಮೇಕೆ ಇಳಿದು ಓಡಿತು. ಬಾಯಲ್ಲಿದ್ದ ಕೊಂಬೆಯೂ ಓಡಿತು. ಅನೀಸ್ ಹಿಂದೆ ಓಡಿದ. ತಿಂದಿದ್ದರ ತೂಕ ಗೊತ್ತಾಗಬೇಕಲ್ಲ. ಗುಡ್ಡ ಅರ್ಧ ಹತ್ತಿ, ಚಪ್ಪಲಿಯ ಬಾರು ಕಿತ್ತು, ಮುಳ್ಳಿಗೆ ಅಂಗಿಯ ತೋಳು ಕೊಟ್ಟು, ಹತ್ತು ನಿಮಿಷದ ಮೇಲೆ ಬರಿಗೈಯಲ್ಲಿ ಇಳಿದು ಬಂದು ತೂಕ ನೋಡಿದ. ಇನ್ನೂರ ಹನ್ನೆರಡು ಕಿಲೋ ಇನ್ನೂರ ಇಪ್ಪತ್ತು. ಇಡೀ ದಿನದಲ್ಲಿ ಮೊದಲ ಸಲ ತೂಕ ಇಳಿದಿತ್ತು. ಒಂದು ಕ್ಷಣ ಅವನಿಗೆ ಸಂತೋಷವೇ ಆಯಿತು. ಆಮೇಲೆ ಪುಸ್ತಕದಲ್ಲಿ ಬರೆದ: ‘ಮೇಕೆ, ನೂರ ಎಂಬತ್ತು ಗ್ರಾಂ.’

“ಅಂಗಾರೆ ನನ್ನ ಮೇಕೆ ಎಷ್ಟು ತೂಗ್ತು?” ಮಾರಕ್ಕ ಆಸೆಯಿಂದ ಕೇಳಿದಳು. “ಭಾನುವಾರ ಗಿರಾಕಿ ಬರ್ತಾನೆ ಕಣಣ್ಣ. ಸರಿಯಾದ ತಕ್ಕಡಿ ಅಂತೀಯ, ಇನ್ನೊಂದ್ಸಲ ನಿಲ್ಲಿಸ್ಲಾ?”

“ನಮ್ಮನೇದು ಒಂದು ಅರ್ಧ ಮೂಟೆ ರಾಗಿ ಐತೆ,” ಎಂದು ಇನ್ನೊಬ್ಬಳು ಶುರು ಮಾಡಿದಳು. ಅನೀಸ್ ಅವರಿಗೆಲ್ಲ ಕೈಮುಗಿದ.

ಒಂದಕ್ಕೆ ಇನ್ನೂರ ಇಪ್ಪತ್ತು. ಎರಡಕ್ಕೂ ಇನ್ನೂರ ಇಪ್ಪತ್ತು.

ಎರಡು ಗಂಟೆಗೆ ಚೀಲಗಳ ನೀರು ಅಳೆಯಬೇಕಿತ್ತು. ಅನೀಸ್ ಮೂರು ಚೀಲಗಳ ಮೂಲೆ ಬಿಚ್ಚಿ ಅಳತೆಯ ಗಾಜಿಗೆ ಸುರಿದ. ಎಲ್ಲರೂ ಸುತ್ತ ಬಗ್ಗಿದರು. ಮೂರು ಕೊಂಬೆಯಿಂದ ಇನ್ನೂರ ನಲವತ್ತು ಮಿಲಿಲೀಟರು. ಗಿಡದಲ್ಲಿ ಅಂಥ ಕೊಂಬೆ ಮೂವತ್ತು.

“ಅಂದ್ರೆ ಇಡೀ ಗಿಡ ಈವರೆಗೆ ಹತ್ತಿರ ಹತ್ತಿರ ಎರಡೂವರೆ ಲೀಟರ್ ಬಿಟ್ಟಿದೆ,” ಎಂದ ಅನೀಸ್.

ನೀರಿನ ಲೆಕ್ಕ ಬಂದರೆ ಕೆಂಪರಾಜ್ ಸುಮ್ಮನಿರುವವನಲ್ಲ. “ಈ ಗುಡ್ಡದ ಮೇಲೆ ಇಂಥವು ಎಷ್ಟಿರಬೌದು?”

“ಹತ್ತು ಸಾವಿರ,” ಪೊದೆಯ ಹಿಂದಿನಿಂದ ಸಂಜೀವಪ್ಪ ಹೇಳಿದ. “ಕಾರೆ, ಕವಳೆ, ಬಂದರೆ, ಎಲ್ಲಾ ಸೇರ್ಸಿದ್ರೆ ಜಾಸ್ತೀನೇ.”

ಕೆಂಪರಾಜ್ ತುಟಿ ಅಲುಗಿಸುತ್ತ ಗುಣಿಸಿದ. ಗುಣಿಸಿ ಮುಗಿಸಿದವನು ಮೊಪೆಡ್ಡಿನ ಮೇಲೆ ಮೆಲ್ಲಗೆ ಕೂತ. “ಇಪ್ಪತ್ತೈದು ಸಾವಿರ ಲೀಟರ್,” ಎಂದ. “ನಮ್ಮೂರ ಟ್ಯಾಂಕು ಇಪ್ಪತ್ತೈದು ಸಾವಿರ ಲೀಟರಿಂದು ಗುರು. ಅದನ್ನ ತುಂಬ್ಸೋಕೆ ನನಗೆ ಎರಡು ಮೋಟ್ರು ಬೇಕು, ಒಂದು ದಿನದ ತ್ರೀ ಫೇಸ್ ಕರೆಂಟು ಬೇಕು. ಅಷ್ಟನ್ನ ಈ ಗುಡ್ಡ ಬೆಳಿಗ್ಗೆಯಿಂದ ಎತ್ತಿ ಆಕಾಶಕ್ಕೆ ಬಿಟ್ಬಿಟ್ಟೈತಾ?”

ಎಲ್ಲರೂ ತಲೆಯೆತ್ತಿ ಗುಡ್ಡ ನೋಡಿದರು. ಹುಟ್ಟಿದಾಗಿನಿಂದ ನೋಡಿದ ಗುಡ್ಡವೇ. ಬೂದುಬಣ್ಣದ ಪೊದೆಗಳು, ನಡುನಡುವೆ ಬೋಳು ಬಂಡೆ, ಮೇಲೆ ಬಿಳಿಚಿದ ಆಕಾಶ. ಎಲ್ಲೂ ಏನೂ ಅಲುಗುತ್ತಿರಲಿಲ್ಲ. ಒಂದು ಸದ್ದಿಲ್ಲ, ಒಂದು ಹನಿ ಕಾಣುತ್ತಿರಲಿಲ್ಲ. ಆದರೂ ಅಲ್ಲಿ, ಅವರ ಕಣ್ಣೆದುರೇ, ಒಂದು ಟ್ಯಾಂಕಿನಷ್ಟು ನೀರು ನೆಲದಿಂದ ಎದ್ದು ಮೇಲಕ್ಕೆ ಹೋಗುತ್ತಿತ್ತು. ಗೊಣಗುವುದಕ್ಕೆಂದೇ ಹುಟ್ಟಿದ್ದ ಸಂಜೀವಪ್ಪ ಕೂಡ ಟವೆಲ್ಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಮಾರಕ್ಕ ಅಷ್ಟು ಹೊತ್ತಿನ ಮೇಲೆ ಮೆಲ್ಲಗೆ ಕೇಳಿದಳು: “ಇಷ್ಟು ಕೆಲಸ ಮಾಡ್ತಾ ಇದ್ರೂ ಸುಮ್ಕೆ ನಿಂತವಲ್ಲ?”

ಆ ಮಾತಿಗೆ ಅನೀಸ್ ತಟ್ಟನೆ ಅವಳ ಕಡೆ ತಿರುಗಿದ. ಎರಡು ವರ್ಷದಿಂದ ಅವನಿಗೆ ಅನ್ನಿಸುತ್ತಿದ್ದದ್ದು ಅದೇ, ಹೇಳಲು ಬಂದಿರಲಿಲ್ಲ.

ಆದರೆ ತೂಕ ಇಳಿಯಲಿಲ್ಲ. ಮೂರಕ್ಕೂ ಇಲ್ಲ, ನಾಲ್ಕಕ್ಕೂ ಇಲ್ಲ. ನಾಲ್ಕೂಕಾಲಿಗೆ ಪ್ರಮೋದಾ ಫೋನ್ ಮಾಡಿದರು. ದನಿಯಲ್ಲಿ ಮರುದಿನದ ಸಭೆಯ ಭಯ ಇತ್ತು. “ಯೋಚನೆ ಮಾಡಿ ಅನೀಸ್ ಅವರೇ. ಎಲೆಯಿಂದ ಎರಡೂವರೆ ಲೀಟರ್ ಹೊರಗೆ ಹೋಗಿದೆ. ತೂಕ ಹಾಗೇ ಇದೆ. ಅಂದ್ರೆ ಅಷ್ಟೇ ನೀರು ಒಳಗೆ ಬಂದಿದೆ. ಆಕಾಶದಿಂದ ಅಂತೂ ಬಂದಿಲ್ಲ. ಮನುಷ್ಯರೇ ಹಾಕಿರಬೇಕು.”

ಫೋನಿಟ್ಟ ಅನೀಸ್ ಬೂದಿಯ ಮೇಲೆ ಕಣ್ಣಾಡಿಸಿದ. ಮೇಕೆಯ ಹೆಜ್ಜೆ, ತನ್ನ ಹೆಜ್ಜೆ. ಆದರೆ ತಾನು ಮೇಕೆಯ ಹಿಂದೆ ಗುಡ್ಡ ಹತ್ತಿದ್ದ ಹತ್ತು ನಿಮಿಷ? ಆಗ ಡ್ರಮ್ಮಿಗೆ ಎಲ್ಲರಿಗಿಂತ ಹತ್ತಿರ, ಬೂದಿ ತುಳಿಯದೆಯೇ ಕೈ ಚಾಚುವಷ್ಟು ಹತ್ತಿರ, ಕೂತಿದ್ದವಳು ಯಾರು? ಹೊಟ್ಟೆ ಖಾಲಿ, ಚಪ್ಪಲಿ ಕಿತ್ತಿದೆ, ನೆತ್ತಿ ಕಾದಿದೆ. ಬಾಯಿಂದ ಮಾತು ಜಾರಿಬಿಟ್ಟಿತು.

“ಅಜ್ಜಿ, ನಿಜ ಹೇಳಿ. ನಾನು ಆ ಕಡೆ ಹೋದಾಗ ಬಿಂದಿಗೆ ನೀರು ಸುರಿದ್ರಲ್ಲ?”

ಸಪ್ಪಲಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಅವಳು ಎದ್ದು ಬಂದು ಅವನ ಮುಖ ನೋಡಿದಳು.

“ಎಂಬತ್ತು ವರ್ಷದಾಗೆ ಯಾರೂ ನನ್ನ ಕಳ್ಳಿ ಅಂದಿರ್ನಿಲ್ಲ ಅನೀಸಪ್ಪ. ಅದೂ ನೀರು ಕೊಟ್ಟೆ ಅಂತ ಕಳ್ಳಿ! ಎತ್ತಿಸು ನಿನ್ನ ಡ್ರಮ್ಮು. ಕೆಳಗೆ ಏನೈತೆ ಅಂತ ಎಲ್ಲಾರೂ ನೋಡ್ಲಿ. ಅಲ್ಲೀ ಗಂಟ ನಾನು ಇಲ್ಲಿಂದ ಏಳಾಕಿಲ್ಲ.” ಹಾಗೆಂದು ಗಿಡದ ಚೂರು ನೆರಳಲ್ಲಿ ಕಾಲು ಚಾಚಿ ಕೂತುಬಿಟ್ಟಳು.

“ನಾನೂ ಬೆಳಿಗ್ಗೆಯಿಂದ ಅದೇ ಹೇಳ್ತಿರೋದು, ಕೆಳಗೆ ಪೈಪ್ ಐತೆ,” ಎಂದ ಕೆಂಪರಾಜ್.

ಅನೀಸನಿಗೆ ಆಡಿದ ಮಾತನ್ನು ನುಂಗಲು ಆಗಲಿಲ್ಲ, ಉಗುಳಲೂ ಆಗಲಿಲ್ಲ. “ಆರರ ತೂಕ ಆಗ್ಲಿ,” ಎಂದಷ್ಟೇ ಹೇಳಿದ. ಐದಕ್ಕೆ ತೂಗಿದ. ಆರಕ್ಕೆ ತೂಗಿದ. ಇನ್ನೂರ ಹನ್ನೆರಡು ಕಿಲೋ ಇನ್ನೂರ ಇಪ್ಪತ್ತು ಗ್ರಾಂ. ಹದಿಮೂರು ತೂಕ, ಒಂದು ಮೇಕೆ, ಬೇರೇನೂ ಇಲ್ಲ.

ಹೊಲದಿಂದ ಬಂದ ಆರು ಜನ ಗಂಡಸರು ಡ್ರಮ್ಮಿಗೆ ಹಗ್ಗ ಬಿಗಿದು, ಅಡ್ಡಕ್ಕೆ ಎರಡು ಗಳು ತೂರಿಸಿ ಹೆಗಲು ಕೊಟ್ಟರು. ಸಂಜೀವಪ್ಪ ಹೆಗಲು ಕೊಡಲಿಲ್ಲ, ಎಣಿಸಿದ. “ಒಂದು... ಎರಡು... ಎತ್ರೋ!”

ಡ್ರಮ್ಮು ನಾಲ್ಕು ಬೆರಳು ಎದ್ದಿತು. ಅಲ್ಲಿಗೆ ನಿಂತಿತು. ಆರು ಜನರ ಕುತ್ತಿಗೆ ನರ ಉಬ್ಬಿದವು. ಗಳು ಬಿಲ್ಲಿನ ಹಾಗೆ ಬಾಗಿತು. ಡ್ರಮ್ಮು ಬರಲಿಲ್ಲ.

“ಯಾರೋ ಕೆಳಗಿಂದ ಹಿಡ್ಕೊಂಡವ್ರೆ!” ಎಂದ ಒಬ್ಬ. ಮಾರಕ್ಕ ಮೇಕೆಯ ಕಿವಿ ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

“ಹಾಗೇ ಇರಿ, ಬಿಡಬೇಡಿ, ಎಳೀಲೂಬೇಡಿ!” ಅನೀಸ್ ಬೂದಿಯ ಮೇಲೆ ಬೋರಲು ಮಲಗಿ, ಗುಂಡಿಯೊಳಗೆ ತಲೆ ತೂರಿಸಿ ಫೋನಿನ ಬೆಳಕು ಬಿಟ್ಟ. ಬೆಳಕು ಹಲಗೆಯಿಂದ ಬಂಡೆಗೆ, ಬಂಡೆಯಿಂದ ಹಲಗೆಗೆ ಓಡಾಡಿತು.

“ಪೈಪಾ ಗುರು?” ಕೆಂಪರಾಜ್ ಕೂಗಿದ.

ಪೈಪಲ್ಲ. ಬೇರು.

ಡ್ರಮ್ಮಿನ ತಳದಲ್ಲಿ ತುಕ್ಕು ಹಿಡಿದು ಒಂದು ಕಿಂಡಿಯಾಗಿತ್ತು. ಅಲ್ಲಿಂದ ಹೆಬ್ಬೆರಳು ದಪ್ಪದ ಒಂದು ಬೇರು ಹೊರಬಿದ್ದು, ತಕ್ಕಡಿಯ ಹಲಗೆಯ ಮೇಲೆ ತೆವಳಿ, ಅದರ ಅಂಚಿನಿಂದ ಇಳಿಬಿದ್ದು, ಕತ್ತಲಲ್ಲಿ ಒಂದು ಗೇಣು ಬರೀ ಗಾಳಿಯನ್ನು ದಾಟಿ, ಗುಂಡಿಯ ತಳದ ಬಂಡೆಯಲ್ಲಿದ್ದ ಕೂದಲಿನಂಥ ಬಿರುಕಿಗೆ ಇಳಿದಿತ್ತು. ತಕ್ಕಡಿಗೂ ಗೊತ್ತಾಗದಷ್ಟು ಸಡಿಲವಾಗಿ, ಬಾಗಿಕೊಂಡು ಇಳಿದಿತ್ತು. ಡ್ರಮ್ಮಿನಲ್ಲಿ ನೀರು ಮುಗಿಯುತ್ತ ಬಂದ ಹಾಗೆ ಗಿಡ ಸುಮ್ಮನೆ ಸಾಯಲಿಲ್ಲ. ಕಬ್ಬಿಣ ತೂರಿ, ತಕ್ಕಡಿ ದಾಟಿ, ಬಂಡೆಯೊಳಗೆ ಹೊಕ್ಕು, ಯಾರಿಗೂ ಗೊತ್ತಿಲ್ಲದ ಆಳದಲ್ಲಿ ನೀರು ಹುಡುಕಿಕೊಂಡಿತ್ತು. ಎಲೆಯಿಂದ ಎಷ್ಟು ಹೋಗುತ್ತಿತ್ತೋ ಅಷ್ಟನ್ನೂ ಕೆಳಗಿನಿಂದ ತರಿಸಿಕೊಳ್ಳುತ್ತಿತ್ತು. ತಕ್ಕಡಿ ಹದಿಮೂರು ಸಲವೂ ನಿಜವನ್ನೇ ಹೇಳಿತ್ತು.

ಅನೀಸ್ ಬೂದಿ ಮೆತ್ತಿದ ಮುಖದಲ್ಲಿ ಎದ್ದು ಬಂದ. ನೇರ ಸಪ್ಪಲಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತ. “ಅಜ್ಜಿ, ತಪ್ಪಾಯ್ತು. ನೀವಲ್ಲ. ನನ್ನ ನಾಲಿಗೆಗೆ ಹುಳ ಬೀಳ.”

“ನೀರು ಎಲ್ಲಿಂದ ಅಂತೆ?”

“ಬಂಡೆ ಒಳಗಿಂದ.”

ಸಪ್ಪಲಮ್ಮ ತಾನೂ ಬಗ್ಗಿ ನೋಡಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಮಲಗಿ ನೋಡಿದರು. ನೋಡಿ ಎದ್ದವರು ದೇವರ ಗುಡಿಯಿಂದ ಹೊರಬಂದವರ ಹಾಗೆ ಪಕ್ಕಕ್ಕೆ ಸರಿದು ನಿಂತರು. ಕೊನೆಗೆ ಸಂಜೀವಪ್ಪ ಗಂಟಲು ಸರಿಮಾಡಿಕೊಂಡ. “ನಾನು ಇಲ್ಲೇ ಪಕ್ಕದಲ್ಲಿ ಸಾವಿರದ ನೂರು ಅಡಿ ಬೋರ್ ಕೊರೆಸ್ದೆ. ಬರೀ ಧೂಳು ಬಂತು,” ಎಂದ. ಸ್ವಲ್ಪ ಹೊತ್ತಾದ ಮೇಲೆ ಅನೀಸನನ್ನು ಪಕ್ಕಕ್ಕೆ ಕರೆದ. “ಭಾಯ್, ಒಂದು ಮಾತು. ಕತ್ತಿ ಕೊಡ್ತೀನಿ, ಬೇರು ಕಡಿದುಬಿಡು. ಪುಸ್ತಕದಲ್ಲಿ ಗಂಟೆಗೆ ಮುನ್ನೂರು ಗ್ರಾಂ ಇಳೀತು ಅಂತ ಬರ್ಕೊ. ಎಲೆಯಿಂದ ಹೋಗಿರೋದಂತೂ ನಿಜ ತಾನೇ? ಬೆಂಗಳೂರಿನ ದೊಡ್ಡೋರು ಇಲ್ಲಿಗೆ ಬಂದು ಗುಂಡೀಲಿ ಇಣುಕ್ತಾರಾ? ನಿನ್ನ ಲ್ಯಾಬಿನ ಕೆಲಸ ಉಳೀತದೆ.”

ಅನೀಸ್ ಪುಸ್ತಕ ನೋಡಿದ. ಹದಿಮೂರು ಸಾಲು, ಸಣ್ಣ ಅಂಕಿಗಳು. ಎರಡು ನಿಮಿಷದ ಕೆಲಸ. ಗಾಜಿನ ಪೆಟ್ಟಿಗೆ, ಫ್ಯಾನು, ನೆರಳು. “ತಕ್ಕಡಿ ಒಂದು ಹೇಳಿ ನಾನೊಂದು ಬರೆದ್ರೆ, ಸಂಜೀವಪ್ಪನೋರೇ, ನಮ್ಮಪ್ಪ ಗೋರಿಯಿಂದ ಎದ್ದು ಬರ್ತಾರೆ,” ಎಂದ. ಹೇಳಿದ ಮೇಲೆ ಅವನಿಗೇ ಅಳು ಬಂದಂತಾಯಿತು. ಫೋನ್ ಹಚ್ಚಿದ.

“ಮೇಡಂ, ಇವತ್ತಿನ ತೂಕ ಎಲ್ಲ ವೇಸ್ಟು. ಗಿಡ ಡ್ರಮ್ಮಿಂದ ತಪ್ಪಿಸಿಕೊಂಡಿದೆ.” ಆದದ್ದೆಲ್ಲ ಹೇಳಿದ. ಆಚೆ ಕಡೆ ಕಾಗದ ತಿರುವುವ ಸದ್ದು ನಿಂತಿತು.

“ಅನೀಸ್ ಅವರೇ,” ಪ್ರಮೋದಾ ಪಿಸುಗುಟ್ಟಿದರು, “ಬೇರು ಕಡಿದಿಲ್ಲ ತಾನೇ?”

“ಇಲ್ಲ ಮೇಡಂ.”

“ದೇವರೇ! ಅದನ್ನ ಯಾರೂ ಮುಟ್ಟಬಾರದು. ಒಂದು ಫೋಟೋ ಕಳಿಸಿ, ಈಗಲೇ. ಅಲ್ರೀ, ಇಂಥ ಒಂದು ಬೇರು ಕಣ್ಣಿಗೆ ಬೀಳ್ಲಿ ಅಂತ ಜನ ಜನ್ಮವೆಲ್ಲ ಕಾಯ್ತಾರೆ! ಮೂರು ವರ್ಷ ಯಾಕೆ, ಸಭೆಯಲ್ಲಿ ಐದು ವರ್ಷವೇ ಕೇಳ್ತೀನಿ. ಕೊಟ್ಟೇ ಕೊಡ್ತಾರೆ.”

ಅನೀಸನ ಎದೆ ಹೂವಾಯಿತು. “ಹಾಗಾದ್ರೆ... ನನ್ನ ಲ್ಯಾಬಿನ ಕೆಲಸ?”

“ಲ್ಯಾಬಿನಲ್ಲಿ ನಿಮಗೇನು ಕೆಲಸ? ತೂಗೋದು ಮುಗೀತು, ಇನ್ನು ತಕ್ಕಡಿ ಬೇಕಾಗಿಲ್ಲ. ಆ ಬೇರು ಎಲ್ಲೀವರೆಗೆ ಹೋಗಿದೆ ಅಂತ ನೋಡಬೇಕು. ಮಷೀನ್ ಹಾಕಿದ್ರೆ ತುಂಡಾಗುತ್ತೆ. ಕೈಯಲ್ಲೇ ಅಗೀಬೇಕು, ಸಣ್ಣ ಉಳಿ, ಬ್ರಷ್ಷು, ಚಮಚ. ನಿಮ್ಮಷ್ಟು ನಾಜೂಕು ಕೈ ನಂಗೆ ಇನ್ನೆಲ್ಲಿ ಸಿಗುತ್ತೆ? ನಾಳೆಯಿಂದಲೇ ಶುರು ಮಾಡಿ.”

“ಎಷ್ಟು ದಿನ ಆಗಬಹುದು ಮೇಡಂ?”

“ದಿನ ಅಲ್ಲ ಅನೀಸ್ ಅವರೇ, ಎಷ್ಟು ಬೇಸಿಗೆ ಅಂತ ಕೇಳಿ. ನಲವತ್ತು ಅಡಿ ಇರಬಹುದು. ನೂರೂ ಇರಬಹುದು. ಯಾರಿಗೆ ಗೊತ್ತು!” ಅವರ ದನಿ ಹಬ್ಬದ ಬೆಳಗಿನ ಹಾಗಿತ್ತು.

ಫೋನ್ ಜೇಬಿಗಿಟ್ಟ ಅನೀಸ್ ಮತ್ತೆ ಗುಂಡಿಯ ಅಂಚಿಗೆ ಹೋಗಿ ಮಂಡಿಯೂರಿದ. ಡ್ರಮ್ಮನ್ನು ಮೊದಲಿನ ಹಾಗೇ ಮೆಲ್ಲಗೆ ಇಳಿಸಿದ್ದರು. ಕೆಂಪರಾಜ್ ಅವನ ಪಕ್ಕದಲ್ಲಿ ಬಂದು ಕೂತ. ಬೆಳಿಗ್ಗೆಯ ಗತ್ತು ಅವನಲ್ಲಿರಲಿಲ್ಲ.

“ಏನಂತೆ ಗುರು?”

“ಇದರ ಹಿಂದೆ ಇಳೀಬೇಕಂತೆ. ನೀರು ಸಿಗೋವರೆಗೆ. ಚಮಚದಲ್ಲಿ.”

ಕೆಂಪರಾಜ್ ಗುಂಡಿಯೊಳಗೆ ಇಣುಕಿದ. ಬಿರುಕು ನೋಡಿದ. ಅನೀಸನ ಕೈಗಳನ್ನೂ ನೋಡಿದ.

“ಅದು ಬಂಡೆ ಕಣಣ್ಣ. ಹೆಂಗೆ ಇಳೀತೀಯ?”

ಅನೀಸ್ ಆ ಬೇರಿನತ್ತ ಬೆರಳು ತೋರಿಸಿದ. “ಅದು ಹೆಂಗೆ ಇಳೀತೋ ಹಂಗೇ,” ಎಂದ. “ನಿಧಾನಕ್ಕೆ.”